ಭೂತಾನ್‌ನ ಹಸಿ ಅಡಿಕೆ ಮತ್ತು ಮೊದಲ ಸೆಮಿಸ್ಟರ್: ಅಂತರರಾಷ್ಟ್ರೀಯ ಸಂಬಂಧಗಳ ಪದವಿಗೆ ಹೊರಟವರಿಗೆ

2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಿಸಲು ಒಪ್ಪಿಗೆ ಕೊಟ್ಟಿತು. ಪಶ್ಚಿಮ ಬಂಗಾಳದ ಜೈಗಾಂವ್ ಗಡಿಯಿಂದ ಒಳಬರುವ ಈ ಮಾಲಿಗೆ ಕನಿಷ್ಠ ಆಮದು ಬೆಲೆಯ, ಅಂದರೆ ಇಂತಿಷ್ಟು ಬೆಲೆಗಿಂತ ಅಗ್ಗಕ್ಕೆ ತರಿಸುವಂತಿಲ್ಲ ಎಂಬ, ಷರತ್ತಿಲ್ಲ. ತೀರ್ಥಹಳ್ಳಿ, ಸಾಗರ, ಹೊಸನಗರದ ಬೆಳೆಗಾರರು ಸಿಟ್ಟಾದರು. ಐದು ತಿಂಗಳು ಕಳೆಯುವಷ್ಟರಲ್ಲಿ, 2023ರ ಫೆಬ್ರುವರಿಯಲ್ಲಿ, ಅದೇ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕೆ.ಜಿ.ಗೆ ₹251ರಿಂದ ₹351ಕ್ಕೆ ಏರಿಸಿತು. ಒಬ್ಬ ನೆರೆಯವನಿಗೆ ಬಾಗಿಲು ತೆರೆದು, ಉಳಿದವರಿಗೆ ಅದೇ ಬಾಗಿಲನ್ನು ಇನ್ನಷ್ಟು ಬಿಗಿ ಮಾಡಿದ್ದು ಯಾಕೆ?

ಮಂಡಿಯಲ್ಲಿ ಕೇಳಿದರೆ ‘ಎಲ್ಲಾ ಲಾಬಿ’ ಎನ್ನುತ್ತಾರೆ. ಟಿವಿ ಚರ್ಚೆಯಲ್ಲಿ ‘ಎಲ್ಲಾ ಚೀನಾ’ ಎನ್ನುತ್ತಾರೆ. ಅಂತರರಾಷ್ಟ್ರೀಯ ಸಂಬಂಧಗಳ ತರಗತಿ ಇವೆರಡನ್ನೂ ತಳ್ಳಿಹಾಕುವುದಿಲ್ಲ, ಆದರೆ ಎರಡಕ್ಕೂ ಪುರಾವೆ ಕೇಳುತ್ತದೆ. ಆ ಪುರಾವೆ ಹುಡುಕುವ, ತೂಗುವ, ಬರೆದು ಒಪ್ಪಿಸುವ ಅಭ್ಯಾಸವನ್ನೇ ಮೂರು ವರ್ಷ ಕಲಿಸುವುದು. ದೇಶಗಳ ರಾಜಧಾನಿ, ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿಗಳ ಹೆಸರು, ಶೃಂಗಸಭೆ ನಡೆದ ಊರು ಬಾಯಿಪಾಠ ಮಾಡಿಕೊಂಡು ಬಂದವರು ಮೊದಲ ಕಿರುಪರೀಕ್ಷೆಯಲ್ಲೇ ಪೆಟ್ಟು ತಿನ್ನುತ್ತಾರೆ. ಸಾಮಾನ್ಯ ಜ್ಞಾನ ಇದ್ದರೆ ಒಳ್ಳೆಯದು. ಅದು ಅಂಗಳಕ್ಕೆ ತಂದು ಸುರಿದ ಗೊನೆ ಇದ್ದಂತೆ. ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಲ್ಲ ಇನ್ನೂ ಬಾಕಿ.

ಒಂದೇ ಪ್ರಶ್ನೆ, ಮೂರು ಎತ್ತರ

ಈ ಶಾಸ್ತ್ರದ ಮೊದಲ ಉಪಕರಣ ವಿಶ್ಲೇಷಣೆಯ ಮಟ್ಟಗಳು. ಯಾವುದೇ ಘಟನೆಯನ್ನು ಮೂರು ಎತ್ತರದಿಂದ ನೋಡಬಹುದು: ನಿರ್ಧಾರ ಮಾಡಿದ ವ್ಯಕ್ತಿಗಳು, ಆ ದೇಶದ ಒಳಗಿನ ರಾಜಕೀಯ, ದೇಶಗಳೆಲ್ಲ ಸೇರಿ ಆಗುವ ವ್ಯವಸ್ಥೆ. ಅಡಿಕೆ ಪ್ರಕರಣವನ್ನೇ ತೆಗೆದುಕೊಳ್ಳಿ. ವ್ಯಕ್ತಿಗಳ ಮಟ್ಟದಲ್ಲಿ ಸಚಿವರ, ಅಧಿಕಾರಿಗಳ ಲೆಕ್ಕಾಚಾರ ಬರುತ್ತದೆ. ಒಳರಾಜಕೀಯದ ಮಟ್ಟದಲ್ಲಿ ಮ್ಯಾಮ್ಕೋಸ್, ಕ್ಯಾಂಪ್ಕೊದಂಥ ಸಹಕಾರಿ ಸಂಸ್ಥೆಗಳು, ಅಡಿಕೆ ಬೆಳೆಯುವ ಕ್ಷೇತ್ರಗಳ ಸಂಸದರು, 2023ರ ಮೇ ತಿಂಗಳ ವಿಧಾನಸಭಾ ಚುನಾವಣೆ. ವ್ಯವಸ್ಥೆಯ ಮಟ್ಟದಲ್ಲಿ ಭಾರತ ಮತ್ತು ಚೀನಾ ನಡುವೆ ಕುಳಿತಿರುವ ಭೂತಾನ್, ಅದರ ಪಕ್ಕದಲ್ಲೇ ಇರುವ, ಈಶಾನ್ಯ ರಾಜ್ಯಗಳನ್ನು ಉಳಿದ ಭಾರತಕ್ಕೆ ಜೋಡಿಸುವ ಕಿರಿದಾದ ಸಿಲಿಗುರಿ ಕಾರಿಡಾರ್, 2017ರಲ್ಲಿ ಡೋಕ್ಲಾಮ್‌ನಲ್ಲಿ 73 ದಿನ ಎದುರುಬದುರು ನಿಂತ ಭಾರತ, ಚೀನಾದ ಸೇನೆಗಳು.

ಇದರ ಮೇಲೆ ಸಿದ್ಧಾಂತಗಳು ಬರುತ್ತವೆ. ಹೊಸಬರಿಗೆ ಬೇಸರ ಬರಿಸುವ ಭಾಗ ಇದೇ, ಪದವಿಯ ತಿರುಳೂ ಇದೇ.

ವಾಸ್ತವವಾದಿ ಹೀಗೆ ವಾದಿಸುತ್ತಾನೆ: ದೇಶಗಳ ಮೇಲೆ ಇನ್ನೊಬ್ಬ ಯಜಮಾನನಿಲ್ಲ, ಆದ್ದರಿಂದ ಪ್ರತಿ ದೇಶವೂ ತನ್ನ ರಕ್ಷಣೆ ತಾನೇ ನೋಡಿಕೊಳ್ಳಬೇಕು. ಗಡಿಯಲ್ಲಿರುವ ಸಣ್ಣ ನೆರೆಯವನು ಕೈತಪ್ಪಿದರೆ ಆಗುವ ನಷ್ಟದ ಎದುರು 17,000 ಟನ್ ಅಡಿಕೆ ಏನೇನೂ ಅಲ್ಲ. ಉದಾರವಾದಿ ಬೇರೆ ದಾರಿ ಹಿಡಿಯುತ್ತಾನೆ: ಭಾರತ ಭೂತಾನ್‌ನಿಂದ ಜಲವಿದ್ಯುತ್ ಕೊಳ್ಳುತ್ತದೆ, ಎರಡೂ ದೇಶಗಳ ನಡುವೆ ಮುಕ್ತ ವ್ಯಾಪಾರದ ಒಪ್ಪಂದವಿದೆ, ಒಬ್ಬರಿಗೊಬ್ಬರು ಬೇಕಾದವರು ಸಣ್ಣಪುಟ್ಟ ರಿಯಾಯಿತಿ ಕೊಟ್ಟುಕೊಳ್ಳುವುದು ಸಹಜ. ಮೂರನೆಯವನು ಕನ್‌ಸ್ಟ್ರಕ್ಟಿವಿಸ್ಟ್; ಕನ್ನಡದಲ್ಲಿ ಇದಕ್ಕೆ ಒಂದೇ ಪದ ಇನ್ನೂ ನೆಲೆಯಾಗಿಲ್ಲ. ಅವನು ಕೇಳುವುದು ‘ಇವರು ತಮ್ಮನ್ನು ಏನೆಂದು ತಿಳಿದುಕೊಂಡಿದ್ದಾರೆ?’ ಎಂದು. 1949ರ ಸ್ನೇಹ ಒಪ್ಪಂದದಲ್ಲಿ ಭೂತಾನ್ ತನ್ನ ವಿದೇಶ ವ್ಯವಹಾರದಲ್ಲಿ ಭಾರತದ ಸಲಹೆಯಂತೆ ನಡೆಯಲು ಒಪ್ಪಿತ್ತು. 2007ರಲ್ಲಿ ಆ ಮಾತನ್ನು ತೆಗೆದು ಒಪ್ಪಂದವನ್ನು ತಿದ್ದಲಾಯಿತು. ಹಿರಿಯಣ್ಣನಾಗಿದ್ದವನು ಸಮಾನ ಗೆಳೆಯನಾಗಿ ಕಾಣಿಸಿಕೊಳ್ಳಬೇಕಾದಾಗ ಸಣ್ಣ ಕೋರಿಕೆಗೆ ‘ಇಲ್ಲ’ ಎನ್ನುವುದು ಕಷ್ಟ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಇಲ್ಲಿ ಅಕ್ಷರಶಃ ಹೊಂದುತ್ತದೆ.

ಮೂರೂ ಕೇಳಲು ಚೆನ್ನಾಗಿವೆ, ತೊಂದರೆ ಅಲ್ಲೇ ಇರುವುದು. ‘ಮೂರೂ ಸ್ವಲ್ಪ ಸ್ವಲ್ಪ ಸರಿ’ ಎಂದು ಬರೆದು ಮುಗಿಸುವ ವಿದ್ಯಾರ್ಥಿಗೆ ಪಾಸಾಗುವಷ್ಟು ಅಂಕ ಬರುತ್ತದೆ, ಅಷ್ಟೇ. ಒಳ್ಳೆಯ ಉತ್ತರ ಮುಂದಿನ ಹೆಜ್ಜೆ ಇಡುತ್ತದೆ: ಈ ವಿವರಣೆ ತಪ್ಪು ಎಂದು ಗೊತ್ತಾಗಬೇಕಾದರೆ ನನಗೆ ಏನು ಕಾಣಬೇಕು? ಭದ್ರತೆಯೇ ಕಾರಣವಾದರೆ ಆಯಕಟ್ಟಿನ ಜಾಗದಲ್ಲಿರುವ ಇತರ ನೆರೆಯವರಿಗೂ ಇಂಥ ರಿಯಾಯಿತಿ ಸಿಕ್ಕಿದೆಯೇ? ಚುನಾವಣೆಯೇ ಕಾರಣವಾದರೆ ಚುನಾವಣೆ ಇಲ್ಲದ ವರ್ಷಗಳಲ್ಲಿ ಆಮದು ಬೆಲೆ ಏರಿಲ್ಲವೇ? ದೆಹಲಿ ಒಂದೇ ಹೊತ್ತಿಗೆ ಎರಡು ಮೇಜಿನ ಮುಂದೆ ಕುಳಿತಿತ್ತು, ಒಂದರಲ್ಲಿ ಭೂತಾನ್‌ನ ರಾಜಧಾನಿ ಥಿಂಪು, ಇನ್ನೊಂದರಲ್ಲಿ ಮಲೆನಾಡು ಎಂದು ನೋಡಿದರೆ ಸೆಪ್ಟೆಂಬರಿನ ಸಡಿಲಿಕೆ, ಫೆಬ್ರುವರಿಯ ಬಿಗಿ ಎರಡೂ ಒಂದೇ ಲೆಕ್ಕದೊಳಗೆ ಬರುತ್ತವೆ. ಅಮೆರಿಕದ ರಾಜ್ಯಶಾಸ್ತ್ರಜ್ಞ ರಾಬರ್ಟ್ ಪಟ್ನಮ್ 1988ರಲ್ಲಿ ಇದನ್ನು ‘ಎರಡು ಹಂತದ ಆಟ’ ಎಂದು ಕರೆದರು. ಆದರೂ ದಿನಾಂಕಗಳು ಹತ್ತಿರ ಇವೆ ಎಂದ ಮಾತ್ರಕ್ಕೆ ಕಾರಣ ಸಿಕ್ಕಿತು ಎಂದಲ್ಲ. ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಇರುವ ಅಂತರ ಇಲ್ಲೂ ಇದೆ.

ಪದಗಳಲ್ಲೇ ಎಡವುವುದು

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರಿಗೆ ಎರಡು ಮೂರು ಪದಗಳು ಮೊದಲ ತಿಂಗಳೇ ತೊಡಕಾಗುತ್ತವೆ. ‘ರಾಜ್ಯ’ ಅವುಗಳಲ್ಲಿ ಮುಖ್ಯ. ದಿನಬಳಕೆಯಲ್ಲಿ ರಾಜ್ಯವೆಂದರೆ ಕರ್ನಾಟಕ, ಕೇರಳ. ಶಾಸ್ತ್ರದಲ್ಲಿ ರಾಜ್ಯವೆಂದರೆ ನೆಲ, ಜನ, ಸರ್ಕಾರ, ಸಾರ್ವಭೌಮತ್ವ ನಾಲ್ಕೂ ಇರುವ ಘಟಕ. ಅಂದರೆ ಭಾರತ, ಭೂತಾನ್. ‘ರಾಷ್ಟ್ರ’ ಎಂಬುದು ತಾವೆಲ್ಲ ಒಂದು ಎಂದುಕೊಂಡ ಜನ; ಅವರಿಗೆ ಸ್ವಂತ ರಾಜ್ಯ ಇರಲೂಬಹುದು, ಇಲ್ಲದಿರಲೂಬಹುದು. ‘ಸರ್ಕಾರ’ ಬದಲಾಗುತ್ತದೆ, ರಾಜ್ಯ ಉಳಿಯುತ್ತದೆ. ಪತ್ರಿಕೆ ‘ಅಮೆರಿಕ ಹೇಳಿದೆ’ ಎಂದು ಬರೆಯಬಹುದು, ವಿದ್ಯಾರ್ಥಿ ಹಾಗೆ ಬರೆದರೆ ಅಧ್ಯಾಪಕರು ಅಂಚಿನಲ್ಲಿ ‘ಯಾರು?’ ಎಂದು ಗೀಚುತ್ತಾರೆ: ಅಧ್ಯಕ್ಷರೋ, ಸಂಸತ್ತೋ, ವಿದೇಶಾಂಗ ಇಲಾಖೆಯ ವಕ್ತಾರರೋ?

ಇನ್ನೊಂದು ಪದದಲ್ಲಿ ಮಾತ್ರ ಕನ್ನಡಿಗರಿಗೆ ಅನುಕೂಲ. ಅಂತರರಾಷ್ಟ್ರೀಯ ವ್ಯವಸ್ಥೆ ‘ಅರಾಜಕ’ ಎಂದು ಪಠ್ಯ ಹೇಳಿದಾಗ ಗಲಭೆ, ಗೊಂದಲ ಎಂದು ತಿಳಿಯಬೇಡಿ. ಅ-ರಾಜಕ, ಅಂದರೆ ಮೇಲೆ ರಾಜನಿಲ್ಲದ್ದು. ಪದದ ಮೂಲಾರ್ಥವೇ ಶಾಸ್ತ್ರದ ಅರ್ಥ.

ಇತಿಹಾಸದ ಪತ್ರಿಕೆಯಲ್ಲಿ ಯುರೋಪಿನ ದೊಡ್ಡ ಯುದ್ಧವನ್ನು ಮುಗಿಸಿದ 1648ರ ವೆಸ್ಟ್‌ಫೇಲಿಯಾ ಒಪ್ಪಂದದಿಂದ ಪಾಠ ಶುರುವಾಗುತ್ತದೆ. ಸಾರ್ವಭೌಮ ರಾಜ್ಯಗಳ ಕಲ್ಪನೆಗೆ ಅದನ್ನು ಗುರುತಿನ ಕಲ್ಲಾಗಿ ಬಳಸುತ್ತಾರೆ. ಅದೇ ವರ್ಷ ಬಿದನೂರಿನ ಗದ್ದುಗೆಯಲ್ಲಿದ್ದವನು ಶಿವಪ್ಪ ನಾಯಕ. ಅವನು ಮುಂದಿನ ಕೆಲವೇ ವರ್ಷಗಳಲ್ಲಿ ಹೊನ್ನಾವರ, ಬಸ್ರೂರು, ಗಂಗೊಳ್ಳಿಯ ಕೋಟೆಗಳಿಂದ ಪೋರ್ಚುಗೀಸರನ್ನು ಹೊರದೂಡಿದ. ಅದಕ್ಕೂ ಮುಂಚೆ, 1623ರಲ್ಲಿ, ಗೋವೆಯ ಪೋರ್ಚುಗೀಸ್ ರಾಯಭಾರಿಯ ಜೊತೆ ಘಟ್ಟ ಹತ್ತಿ ಇಕ್ಕೇರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ವೆಂಕಟಪ್ಪ ನಾಯಕನ ದರ್ಬಾರನ್ನು ವಿವರವಾಗಿ ದಾಖಲಿಸಿದ್ದಾನೆ. ಕಾಳುಮೆಣಸು, ಕರಾವಳಿಯ ಬಂಗರ ಅರಸನ ಜಗಳ, ಯಾರು ಎಲ್ಲಿ ಕೂರಬೇಕೆಂಬ ಶಿಷ್ಟಾಚಾರ ಎಲ್ಲವೂ ಅಲ್ಲಿವೆ. ವಿದೇಶಾಂಗ ನೀತಿ ದೆಹಲಿಯಲ್ಲಿ ಮಾತ್ರ ಇರುವುದು ಎಂದುಕೊಂಡವರು ಇಕ್ಕೇರಿಗೆ ಒಮ್ಮೆ ಹೋಗಿ ಬರಬಹುದು.

ಎಲ್ಲಿ ಸೇರುವುದು, ಹೇಗೆ

‘ಅಂತರರಾಷ್ಟ್ರೀಯ ಸಂಬಂಧಗಳು’ ಎಂದೇ ಹೆಸರಿರುವ ಬಿಎ ಭಾರತದಲ್ಲಿ ಕಡಿಮೆ. ಕೋಲ್ಕತ್ತದ ಜಾದವ್‌ಪುರ ವಿಶ್ವವಿದ್ಯಾಲಯದಲ್ಲಿ ಇದೆ. ಸೋನಿಪತ್‌ನ ಜಿಂದಲ್, ಅಶೋಕ ಸೇರಿ ಕೆಲವು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿ ಇದೆ, ಶುಲ್ಕ ಮಾತ್ರ ವರ್ಷಕ್ಕೆ ಲಕ್ಷಗಳ ಲೆಕ್ಕ. ಮಿಕ್ಕಂತೆ ನಮ್ಮಲ್ಲಿ ಇದು ರಾಜ್ಯಶಾಸ್ತ್ರದ ಒಡಲೊಳಗಿನ ವಿಷಯ, ಪೂರ್ಣ ಪ್ರಮಾಣದಲ್ಲಿ ಬರುವುದು ಸ್ನಾತಕೋತ್ತರದಲ್ಲಿ. ದೆಹಲಿಯ ಜೆಎನ್‌ಯುನ ಅಂತರರಾಷ್ಟ್ರೀಯ ಅಧ್ಯಯನ ಶಾಲೆ ಎಂಎ, ಪಿಎಚ್‌ಡಿಗೆ ಹೆಸರಾದದ್ದು. ಆಗುಂಬೆ ಘಟ್ಟ ಇಳಿದರೆ ಸಿಗುವ ಮಣಿಪಾಲದಲ್ಲೂ ಭೂರಾಜಕೀಯ ಮತ್ತು ಅಂತರರಾಷ್ಟ್ರೀಯ ಸಂಬಂಧಗಳಿಗೆ ಪ್ರತ್ಯೇಕ ವಿಭಾಗವಿದೆ.

ಹೀಗಾಗಿ ಶಿವಮೊಗ್ಗದಲ್ಲೇ ಉಳಿದು ಸಹ್ಯಾದ್ರಿ ಕಲಾ ಕಾಲೇಜಿನಲ್ಲೋ ಕುವೆಂಪು ವಿಶ್ವವಿದ್ಯಾಲಯದ ಬೇರೆ ಕಾಲೇಜಿನಲ್ಲೋ ಬಿಎ ಮಾಡುವುದು ಎರಡನೇ ದರ್ಜೆಯ ಆಯ್ಕೆ ಏನಲ್ಲ. ಪ್ರಶ್ನೆ ಇರುವುದು ಯಾವ ವಿಷಯಗಳ ಜೋಡಿ ಎಂಬಲ್ಲಿ. ಕರ್ನಾಟಕ 2024-25ರಿಂದ ನಾಲ್ಕು ವರ್ಷದ ಪದ್ಧತಿ ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿದೆ. ರಾಜ್ಯಶಾಸ್ತ್ರ, ಇತಿಹಾಸಗಳ ಜೊತೆ ಅರ್ಥಶಾಸ್ತ್ರವನ್ನು ಬಿಡದೆ ತೆಗೆದುಕೊಳ್ಳಿ. ಲೆಕ್ಕಕ್ಕೆ ಹೆದರಿ ಅದನ್ನು ಬಿಟ್ಟವರು ಎರಡನೇ ವರ್ಷದಲ್ಲಿ ವ್ಯಾಪಾರ ಒಪ್ಪಂದ, ಸುಂಕ, ವಿನಿಮಯ ದರ ಬಂದ ಕೂಡಲೇ ಕುಂಟುತ್ತಾರೆ. ಮೇಲೆ ಹೇಳಿದ ಅಡಿಕೆ ಪ್ರಕರಣವನ್ನೇ ಅವರು ಅರ್ಧ ಮಾತ್ರ ಓದಬಲ್ಲರು. ರಾಜ್ಯದ ಕಾಲೇಜುಗಳ ಪ್ರವೇಶ ಯುಯುಸಿಎಂಎಸ್ ಪೋರ್ಟಲ್ ಮೂಲಕ; ವಿಷಯ ಜೋಡಿಯನ್ನು ಅಲ್ಲಿ ಗುರುತಿಸುವ ಮೊದಲು ಆ ಕಾಲೇಜಿನಲ್ಲಿ ಅದು ನಿಜಕ್ಕೂ ನಡೆಯುತ್ತಿದೆಯೇ ಎಂದು ಕಚೇರಿಯಲ್ಲೇ ಕೇಳಿ. ಮುಂದೆ ಹೊರದೇಶದಲ್ಲಿ ಎಂಎ ಮಾಡುವ ಆಸೆ ಇದ್ದರೆ ಇದೂ ತಿಳಿದಿರಲಿ: ಬ್ರಿಟನ್‌ನಲ್ಲಿ ಮೂರು ವರ್ಷದ ಪದವಿ ಸಾಮಾನ್ಯವಾಗಿ ನಡೆಯುತ್ತದೆ, ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ನಾಲ್ಕು ವರ್ಷ ಕೇಳುತ್ತವೆ.

ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಹೋಗುವುದಾದರೆ ದಾರಿ ಸಿಯುಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ. ಮಲೆನಾಡಿನ ವಿದ್ಯಾರ್ಥಿಗಳು ಇಲ್ಲಿ ತಪ್ಪುವುದು ಬುದ್ಧಿಮತ್ತೆಯಲ್ಲಲ್ಲ, ಕ್ಯಾಲೆಂಡರಿನಲ್ಲಿ. ಪಿಯುಸಿ ಫಲಿತಾಂಶ ಬರಲಿ, ಆಮೇಲೆ ನೋಡೋಣ ಎಂದು ಕಾದರೆ ಅರ್ಜಿಯ ದಿನ ಮುಗಿದಿರುತ್ತದೆ. ಬೋರ್ಡ್ ಪರೀಕ್ಷೆಗೆ ಓದುತ್ತಿರುವಾಗಲೇ ಅರ್ಜಿ ಹಾಕಬೇಕು. 2025ರಿಂದ ಇರುವ ಪದ್ಧತಿಯಂತೆ ಗರಿಷ್ಠ 5 ವಿಷಯ, ಪ್ರತಿ ವಿಷಯಕ್ಕೆ 60 ನಿಮಿಷ, 50 ಪ್ರಶ್ನೆ, ಎಲ್ಲವೂ ಕಡ್ಡಾಯ. ಸರಿ ಉತ್ತರಕ್ಕೆ 5 ಅಂಕ, ತಪ್ಪಿಗೆ 1 ಕಡಿತ. ಕನ್ನಡದಲ್ಲೇ ಪ್ರಶ್ನೆಪತ್ರಿಕೆ ಪಡೆಯುವ ಅವಕಾಶವಿದೆ. ಎರಡು ಎಚ್ಚರಿಕೆ. ಪ್ರತಿ ವಿಶ್ವವಿದ್ಯಾಲಯ ಯಾವ ಪದವಿಗೆ ಯಾವ ವಿಷಯ ಬರೆದಿರಬೇಕು ಎಂದು ತನ್ನದೇ ಪಟ್ಟಿ ಇಟ್ಟಿರುತ್ತದೆ; ಅದನ್ನು ನೋಡದೆ ವಿಷಯ ಆರಿಸಿದರೆ ಒಳ್ಳೆಯ ಅಂಕ ಬಂದರೂ ಅರ್ಹತೆ ಇರುವುದಿಲ್ಲ. ಇನ್ನು ರಾಜ್ಯಶಾಸ್ತ್ರದ ಪ್ರಶ್ನೆಗಳು ಎನ್‌ಸಿಇಆರ್‌ಟಿ ಪಠ್ಯವನ್ನು ಅನುಸರಿಸುತ್ತವೆ, ನಮ್ಮ ಪಿಯುಸಿ ಪಠ್ಯ ಬೇರೆ. ಶೀತಲ ಸಮರದ ನಂತರದ ಜಗತ್ತು, ದಕ್ಷಿಣ ಏಷ್ಯಾ, ಅಂತರರಾಷ್ಟ್ರೀಯ ಸಂಘಟನೆಗಳ ಅಧ್ಯಾಯಗಳನ್ನು ಎನ್‌ಸಿಇಆರ್‌ಟಿ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಂಡು ಪ್ರತ್ಯೇಕವಾಗಿ ಓದಲೇಬೇಕು.

ಕಾಗದಪತ್ರದಲ್ಲಿ ಆಗುವ ದೊಡ್ಡ ಎಡವಟ್ಟು ಮೀಸಲಾತಿ ಪ್ರಮಾಣಪತ್ರದ್ದು. ನಾಡಕಚೇರಿಯಲ್ಲಿ ಕೊಡುವ ಪ್ರವರ್ಗ-1, 2ಎ, 3ಎ, 3ಬಿ ಪ್ರಮಾಣಪತ್ರ ರಾಜ್ಯದ ಸೀಟಿಗೆ ಮಾತ್ರ. ಕೇಂದ್ರೀಯ ವಿಶ್ವವಿದ್ಯಾಲಯ ಕೇಳುವುದು ಕೇಂದ್ರದ ನಮೂನೆಯ ಒಬಿಸಿ ಕೆನೆಪದರೇತರ ಪ್ರಮಾಣಪತ್ರ. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಸಮುದಾಯಗಳೂ ಕೇಂದ್ರದ ಪಟ್ಟಿಯಲ್ಲಿ ಇಲ್ಲ. ಪಟ್ಟಿ ಮೊದಲು ನೋಡಿ, ತಹಶೀಲ್ದಾರ್ ಕಚೇರಿಗೆ ಅರ್ಜಿ ಮುಂಚೆಯೇ ಕೊಡಿ, ದಿನಾಂಕ ಆಯಾ ಆರ್ಥಿಕ ವರ್ಷದ್ದಿರಲಿ. ಸೀಟು ಸಿಕ್ಕ ಮೇಲೆ ಮೂರು ದಿನದಲ್ಲಿ ಇದನ್ನು ಮಾಡಿಸಲು ಓಡಾಡುವುದು ಮಳೆಗಾಲದಲ್ಲಿ ಅಡಿಕೆ ಒಣಗಿಸಿದಂತೆ.

ಖಾಸಗಿ ಕಡೆ ದುಡ್ಡು ಕಟ್ಟುವ ಮುನ್ನ ಪಠ್ಯಕ್ರಮ ತರಿಸಿ ಎಣಿಸಿ. ಅಂತರರಾಷ್ಟ್ರೀಯ ಸಂಬಂಧಗಳದ್ದೇ ಆದ ಪತ್ರಿಕೆ ಎಷ್ಟು, ಅರ್ಥಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ ಕಡ್ಡಾಯವೇ, ವಿದೇಶಿ ಭಾಷೆ ಎಷ್ಟು ಸೆಮಿಸ್ಟರ್? ಭಾಷೆ ಒಂದೇ ಸೆಮಿಸ್ಟರ್ ಇದ್ದರೆ ಅದು ಕೈಪಿಡಿಯ ಅಲಂಕಾರ.

ಮೊದಲ ಸೆಮಿಸ್ಟರ್‌ನ ಓದು, ಬರಹ

ಪಿಯುಸಿಯಲ್ಲಿ ವಿಷಯಕ್ಕೊಂದು ಪಠ್ಯಪುಸ್ತಕ. ಒಳ್ಳೆಯ ಪದವಿ ತರಗತಿಯಲ್ಲಿ ವಾರಕ್ಕೆ ಎರಡೋ ಮೂರೋ ಸಂಶೋಧನಾ ಲೇಖನ, ಒಂದೊಂದೂ 20-30 ಪುಟ, ಅದೂ ಇಂಗ್ಲಿಷಿನಲ್ಲಿ. ಕಾದಂಬರಿಯಂತೆ ಮೊದಲ ಸಾಲಿನಿಂದ ಶುರು ಮಾಡಿ, ಗೊತ್ತಿಲ್ಲದ ಪ್ರತಿ ಪದಕ್ಕೂ ನಿಘಂಟು ತೆರೆದರೆ ಆರನೇ ಪುಟಕ್ಕೆ ನಿದ್ದೆ. ಸಾರಾಂಶ, ಪೀಠಿಕೆ, ಕೊನೆಯ ಭಾಗವನ್ನು ಮೊದಲು ಓದಿ. ಲೇಖಕರ ವಾದವನ್ನು ಕನ್ನಡದಲ್ಲಿ ಒಂದೇ ವಾಕ್ಯವಾಗಿ ಬರೆಯಿರಿ. ಬರೆಯಲು ಆಗದಿದ್ದರೆ ಅರ್ಥವಾಗಿಲ್ಲ ಎಂದೇ ಲೆಕ್ಕ. ಆಮೇಲೆ ನಡುವಿನ ಪುಟಗಳಿಗೆ ಹೋಗಿ ಆ ವಾದಕ್ಕೆ ಕೊಟ್ಟ ಪುರಾವೆ ಯಾವುದು, ಯಾರ ವಿರುದ್ಧ ವಾದಿಸುತ್ತಿದ್ದಾರೆ ಎಂದು ಮಾತ್ರ ಹುಡುಕಿ. ಒಂದು ಲೇಖನಕ್ಕೆ ಒಂದೇ ಪುಟದ ಟಿಪ್ಪಣಿ. ಮೊದಲೆರಡು ತಿಂಗಳು ಒಂದಕ್ಕೆ ಮೂರು ಗಂಟೆ ಹಿಡಿದರೂ ಗಾಬರಿ ಬೇಡ, ಪದಗಳು ಮರುಕಳಿಸತೊಡಗಿದಂತೆ ಅದು ಅರ್ಧಕ್ಕಿಳಿಯುತ್ತದೆ.

ಪ್ರಬಂಧದಲ್ಲಿ ಆಗುವ ತಪ್ಪು ಬೇರೆ ಬಗೆಯದು. ನಾವು ಶಾಲೆಯಿಂದ ಕಲಿತದ್ದು ಪೀಠಿಕೆ, ಇತಿಹಾಸ, ವಿವರಣೆ, ಕೊನೆಗೆ ಉಪಸಂಹಾರ. ‘ಭಾರತ ಮತ್ತು ಭೂತಾನ್ ಪ್ರಾಚೀನ ಕಾಲದಿಂದಲೂ ಸ್ನೇಹದಿಂದಿವೆ’ ಎಂದು ಶುರುವಾಗುವ ಪ್ರಬಂಧ ಎರಡು ಪುಟ ಕಳೆದರೂ ಪ್ರಶ್ನೆಗೆ ಬಂದಿರುವುದಿಲ್ಲ. ಇಲ್ಲಿ ಉತ್ತರ ಮೊದಲ ಪ್ಯಾರಾದಲ್ಲೇ ಬರಬೇಕು: ‘2022ರ ರಿಯಾಯಿತಿಗೆ ಗಡಿ ಭದ್ರತೆಯೇ ಮುಖ್ಯ ಕಾರಣ, ದೇಶದೊಳಗಿನ ವಿರೋಧ ಅದರ ಪ್ರಮಾಣವನ್ನು ಮಾತ್ರ ಮಿತಿಗೊಳಿಸಿತು.’ ಒಪ್ಪದವರು ವಾದಿಸಬಹುದಾದಷ್ಟು ಖಚಿತವಾಗಿ ಇರಬೇಕು. ನಂತರದ ಪ್ರತಿ ಪ್ಯಾರಾ ಆ ಮಾತಿಗೆ ಒಂದೊಂದು ಕಂಬ. ನಿಮ್ಮ ವಾದಕ್ಕೆ ಎದುರಾಗಿರುವ ಅತಿ ಗಟ್ಟಿ ಆಕ್ಷೇಪವನ್ನೂ ನೀವೇ ಎತ್ತಿ ಉತ್ತರಿಸಬೇಕು. ಎಲ್ಲಿಂದ ತೆಗೆದುಕೊಂಡದ್ದು ಎಂಬುದನ್ನು ಓದುವಾಗಲೇ ಪುಟಸಂಖ್ಯೆಯೊಂದಿಗೆ ಗುರುತು ಹಾಕಿಡಿ. ಸಲ್ಲಿಸುವ ಹಿಂದಿನ ರಾತ್ರಿ ಹುಡುಕಲು ಹೋದವರೇ ಹೆಚ್ಚಾಗಿ ಕೃತಿಚೌರ್ಯದ ಆರೋಪಕ್ಕೆ ಸಿಕ್ಕಿಬೀಳುವುದು.

ಪತ್ರಿಕೆ ಓದಿ, ಆದರೆ ಪತ್ರಿಕೆಯಲ್ಲೇ ನಿಲ್ಲಬೇಡಿ. ಮೂಲ ದಾಖಲೆಗಳು ಉಚಿತವಾಗಿ ಸಿಗುತ್ತವೆ: ವಿದೇಶಾಂಗ ಸಚಿವಾಲಯದ ಜಾಲತಾಣದಲ್ಲಿ ಜಂಟಿ ಹೇಳಿಕೆಗಳು, ಸಂಸತ್ತಿನ ಜಾಲತಾಣದಲ್ಲಿ ಸಂಸದರ ಪ್ರಶ್ನೆ ಮತ್ತು ಸಚಿವರ ಉತ್ತರ, ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಅಧಿಸೂಚನೆಗಳು. ಒಂದೇ ಜೋಡಿ ದೇಶಗಳ ಎರಡು ವರ್ಷದ ಜಂಟಿ ಹೇಳಿಕೆಯನ್ನು ಪಕ್ಕಪಕ್ಕ ಇಟ್ಟು ಯಾವ ಪದ ಹೊಸದಾಗಿ ಬಂತು, ಯಾವುದು ಮಾಯವಾಯಿತು ಎಂದು ನೋಡುವುದು ಹತ್ತು ಟಿವಿ ಚರ್ಚೆಗಿಂತ ಹೆಚ್ಚು ಕಲಿಸುತ್ತದೆ.

ವಿದೇಶಿ ಭಾಷೆಯನ್ನು ಮೊದಲ ವರ್ಷವೇ ಹಿಡಿಯಿರಿ. ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಇಂಗ್ಲಿಷ್ ಬಿಟ್ಟರೆ ಉಳಿಯುವುದು ಫ್ರೆಂಚ್, ಸ್ಪ್ಯಾನಿಷ್, ರಷ್ಯನ್, ಅರೇಬಿಕ್, ಚೀನೀ. ಭಾಷಾ ಕಲಿಕೆಯನ್ನು ಎ1ರಿಂದ ಸಿ2ರವರೆಗೆ ಅಳೆಯುತ್ತಾರೆ; ತೀರಾ ಆರಂಭದ ಎ1 ಮಟ್ಟದ ಪ್ರಮಾಣಪತ್ರದಿಂದ ಕೆಲಸಕ್ಕೆ ಏನೂ ಉಪಯೋಗವಿಲ್ಲ. ಪತ್ರಿಕೆ ಓದಲು ಕನಿಷ್ಠ ಬಿ1, ಬಿ2 ಬೇಕು, ಅದಕ್ಕೆ ನೂರಾರು ಗಂಟೆ ಬೇಕು. ಎರಡು ಭಾಷೆ ಅರ್ಧರ್ಧ ಕಲಿಯುವ ಬದಲು ಒಂದನ್ನು ಪೂರ್ತಿ ಮಾಡಿ.

ಕೆಲಸದ ಮಾತು

‘ಐಎಫ್‌ಎಸ್ ಆಗಬೇಕು’ ಎಂದೇ ಹೆಚ್ಚಿನವರು ಬರುತ್ತಾರೆ. ಭಾರತೀಯ ವಿದೇಶಾಂಗ ಸೇವೆಗೆ ಈ ಪದವಿಯೇ ಬೇಕೆಂದಿಲ್ಲ. ಯಾವ ಪದವಿಯಾದರೂ ಯುಪಿಎಸ್‌ಸಿ ಬರೆಯಬಹುದು, ವಯಸ್ಸು 21ರಿಂದ 32, ಸಾಮಾನ್ಯ ವರ್ಗಕ್ಕೆ 6 ಪ್ರಯತ್ನ. ಓದಿನ ಲಾಭ ಇರುವುದು ಮುಖ್ಯ ಪರೀಕ್ಷೆಯಲ್ಲಿ: ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳ ಐಚ್ಛಿಕ ವಿಷಯಕ್ಕೆ 250 ಅಂಕದ ಎರಡು ಪತ್ರಿಕೆ, ಅದರ ಮೇಲೆ ಸಾಮಾನ್ಯ ಅಧ್ಯಯನದ ಎರಡನೇ ಪತ್ರಿಕೆ. ಕೇಂದ್ರದ ಸಿಬ್ಬಂದಿ ಆಯ್ಕೆ ಆಯೋಗ ಪದವೀಧರರಿಗೆ ನಡೆಸುವ ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆ ಬರೆದು ವಿದೇಶಾಂಗ ಸಚಿವಾಲಯದಲ್ಲಿ ಸಹಾಯಕ ವಿಭಾಗಾಧಿಕಾರಿಯಾಗುವ ದಾರಿ ಅಷ್ಟಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅಲ್ಲೂ ಹೊರದೇಶದ ನೇಮಕ ಇರುತ್ತದೆ. ವಿಶ್ವಸಂಸ್ಥೆ, ಚಿಂತನ ಚಾವಡಿಗಳಲ್ಲಿ (ಥಿಂಕ್ ಟ್ಯಾಂಕ್) ಬಿಎಗೆ ಬಾಗಿಲು ತೆರೆಯುವುದು ಅಪರೂಪ, ಎಂಎ ಜೊತೆಗೆ ಒಂದು ಭಾಷೆಯೋ ಅಂಕಿಅಂಶದ ಕೌಶಲವೋ ಕೇಳುತ್ತಾರೆ. ಕಾಫಿ ರಫ್ತು ಕಂಪನಿಗಳಿಗಂತೂ ಯುರೋಪಿನ ಅರಣ್ಯನಾಶ ತಡೆ ನಿಯಮ ಬಂದ ಮೇಲೆ ಅದನ್ನು ಓದಿ ಅರ್ಥ ಹೇಳುವ ಜನ ಬೇಕಾಗಿದ್ದಾರೆ.

ತರಗತಿ ಶುರುವಾಗುವ ಮೊದಲಿನ ರಜೆಯಲ್ಲಿ ಮಾಡಬಹುದಾದ ಒಂದು ಕೆಲಸ. ವಾಣಿಜ್ಯ ಸಚಿವಾಲಯದ ರಫ್ತು-ಆಮದು ದತ್ತಾಂಶ ಪುಟಕ್ಕೆ ಹೋಗಿ ಅಡಿಕೆಯ ಎಚ್‌ಎಸ್ ಸಂಕೇತ (ವ್ಯಾಪಾರದ ಸರಕು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) 080280 ಹಾಕಿ. ದೇಶವಾರು ಆಮದನ್ನು ಐದು ವರ್ಷದ್ದು ತೆಗೆದು ಪ್ರಮಾಣ, ಮೌಲ್ಯ ಎರಡನ್ನೂ ಬರೆದುಕೊಳ್ಳಿ. ಮೌಲ್ಯವನ್ನು ಪ್ರಮಾಣದಿಂದ ಭಾಗಿಸಿ ಕೆ.ಜಿ.ಗೆ ಎಷ್ಟು ಬಿತ್ತು ನೋಡಿ. ಆ ಸಂಖ್ಯೆ ಕನಿಷ್ಠ ಆಮದು ಬೆಲೆಯ ಸುತ್ತಮುತ್ತಲೇ ಸುಳಿಯುತ್ತಿದೆಯೇ, ಯಾವ ದೇಶದ್ದು ಅದಕ್ಕಿಂತ ಕೆಳಗಿದೆ? ಜೊತೆಗೆ ಶಿವಮೊಗ್ಗ ಎಪಿಎಂಸಿಯ ಅದೇ ವರ್ಷಗಳ ರಾಶಿ ಅಡಿಕೆಯ ಧಾರಣೆ ಬರೆದಿಡಿ. ಹೋಲಿಸುವಾಗ ನೆನಪಿರಲಿ: ನಮ್ಮದು ಬೇಯಿಸಿದ ಕೆಂಪಡಿಕೆ, ಭೂತಾನ್‌ನಿಂದ ಬರುವುದು ಹಸಿಯದು, ತೂಕಕ್ಕೆ ತೂಕ ಹೊಂದುವುದಿಲ್ಲ. ಇಷ್ಟನ್ನು ಒಂದು ಪುಟದಲ್ಲಿ, ಉತ್ತರವನ್ನು ಮೊದಲ ಸಾಲಿನಲ್ಲೇ ಇಟ್ಟು ಬರೆದು, ಮೊದಲ ವಾರ ಅಧ್ಯಾಪಕರ ಕೈಗೆ ಕೊಡಿ.